ಕಾಪಿರೈಟ್ ಬಗ್ಗೆ ಓಡಾಡುತ್ತಿರುವ ಮೆಸೇಜು ಸರಿಯಲ್ಲ

'ನೋಂದಣಿ ಮಾಡಿಸದ ಪುಸ್ತಕಕ್ಕೆ ಹಕ್ಕಿಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಅಚ್ಚಾದ ತತ್ವಪದ ಹಾಡಲು ಪ್ರಕಾಶಕರ ಅನುಮತಿ ಬೇಕು' ಎಂಬ ಮೆಸೇಜು ಕಲಬುರಗಿಯ ಬರಹಗಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ, ಸ್ವಂತ ಬರಹ ಕಾಗದಕ್ಕೋ ಮೊಬೈಲಿಗೋ ಇಳಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ನಾಳೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ಅದು ಮೇಲ್ನೋಟದ ಸಾಕ್ಷ್ಯ, ಅಂದರೆ ಎದುರಿನವರು ತಪ್ಪೆಂದು ತೋರಿಸುವವರೆಗೆ ಒಪ್ಪುವ ಪುರಾವೆ ಆಗುತ್ತದೆ, ಅಷ್ಟೇ. ಐಎಸ್‌ಬಿಎನ್ ಬರೀ ಪುಸ್ತಕದ ಗುರುತಿನ ಸಂಖ್ಯೆ, ಅದಕ್ಕೂ ಹಕ್ಕಿಗೂ ಸಂಬಂಧವಿಲ್ಲ.

ಹಕ್ಕು ಲೇಖಕರ ಆಯುಷ್ಯಪೂರ್ತಿ, ನಂತರ 60 ವರ್ಷ ಇರುತ್ತದೆ. ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಈ ಲೆಕ್ಕ ಶುರು. 1965ರಲ್ಲಿ ತೀರಿಕೊಂಡವರ ಬರಹಕ್ಕೆ 2025ರ ಡಿಸೆಂಬರ್ 31ರವರೆಗೆ ರಕ್ಷಣೆ.

ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲೇ ತೀರಿಕೊಂಡ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆಯಲ್ಲಿ ಹಾಡಿ, ಅಚ್ಚು ಹಾಕಿಸಿ, ಯಾರನ್ನೂ ಕೇಳಬೇಕಿಲ್ಲ. ಆದರೆ ಈಗಿನ ಸಂಪಾದಕರು ಬರೆದ ಮುನ್ನುಡಿ, ಪದದ ಕೆಳಗಿನ ಅರ್ಥವಿವರಣೆ ಅವರದೇ. ಪುಟವನ್ನು ಹಾಗೇ ಜೆರಾಕ್ಸ್ ಮಾಡಿ ಮಾರಿದರೆ ಸಿಕ್ಕಿಬೀಳುವುದು ಇಲ್ಲೇ.

ಕಥೆಯ ಬರೀ ಐಡಿಯಾಕ್ಕೆ, ಚಾರಿತ್ರಿಕ ಸಂಗತಿಗೆ ರಕ್ಷಣೆಯಿಲ್ಲ. ಬರೆದ ರೀತಿಗೆ ಇದೆ. ವಿಮರ್ಶೆಗಾಗಿ ಅಗತ್ಯವಿದ್ದಷ್ಟು ಸಾಲು, ಮೂಲ ಹೇಳಿ, ಉದ್ಧರಿಸಬಹುದು.

ಹೊಸ ಲೇಖಕರು ನಿಜಕ್ಕೂ ಎಚ್ಚರ ವಹಿಸಬೇಕಾದ್ದು ಒಪ್ಪಂದದಲ್ಲಿ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೇ ಕಾಯ್ದೆ ಎಣಿಸುತ್ತದೆ. ಲಿಖಿತ ಪತ್ರವೂ ಸಹಿಯೂ ಇಲ್ಲದೆ, ಬಾಯಿಮಾತಿನಲ್ಲಿ ಹಕ್ಕು ವರ್ಗವಾಗುವುದೇ ಇಲ್ಲ.

ಆ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.