ಪೆರುವಿಗೆ ಗುಂಪಾಗಿ ಹೋಗುವವರಿಗೆ ಒಂದು ಮಾತು

ಹೋದ ವರ್ಷ ನಾವು ಹನ್ನೆರಡು ಜನ ಪೆರುವಿಗೆ ಹೋಗಿದ್ದೆವು. ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ, "ಮಾಚು ಪಿಚು ಹೇಗಿತ್ತು?" ಬೆಟ್ಟದ ಮೇಲಿನ ಆ ಹಳೆಯ ಇಂಕಾ ಕಲ್ಲಿನ ಊರು ತುಂಬಾ ಚೆನ್ನಾಗಿತ್ತು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಚಿಂಚೆರೋ ಊರಿನ ಒಬ್ಬ ಅಜ್ಜಿಯ ಅಂಗೈ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಒಂದು ಪುಟ್ಟ ಹುಳವನ್ನು ಅಂಗೈಯಲ್ಲಿಟ್ಟು ಉಜ್ಜಿದರು. ಕಡುಗೆಂಪು ಬಣ್ಣ ಬಂತು. ಎರಡು ಹನಿ ನಿಂಬೆರಸ ಬಿಟ್ಟರು, ಕಿತ್ತಳೆಯಾಯಿತು. ಅವರು ನೇಯುವ ಉಣ್ಣೆಗೆ ಇದೇ ಬಣ್ಣ. ಇನ್ನೂ ಕೇಳಬೇಕು ಅನ್ನುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ನಮಗೆ ಅಲ್ಲಿ ಕೊಟ್ಟಿದ್ದು ನಲವತ್ತೇ ನಿಮಿಷ.

ನನ್ನ ತಕರಾರು ಇದೇ. ಗುಂಪು ಪ್ರವಾಸದ ಪಟ್ಟಿಯಲ್ಲಿ ಕಲ್ಲಿಗೆ ಸಿಗುವ ಹೊತ್ತು ಜನರಿಗೆ ಸಿಗುವುದಿಲ್ಲ.

ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳಿದವರು ಇಂಕಾಗಳು. "ಇಂಕಾ ಜನ ಎಲ್ಲಿ ಮಾಯವಾದರೋ" ಅಂತ ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ಎಲ್ಲೂ ಹೋಗಿಲ್ಲ. ನಮ್ಮ ಗೈಡ್ ಮನೆಯಲ್ಲಿ ಆಡುವುದು ಇಂಕಾಗಳ ಮಾತಾದ ಕೆಚುವಾವನ್ನೇ. 2017ರ ಜನಗಣತಿಯ ಪ್ರಕಾರ ಪೆರು ಒಂದರಲ್ಲೇ 37 ಲಕ್ಷಕ್ಕೂ ಹೆಚ್ಚು ಜನರಿಗೆ ಅದು ತಾಯಿನುಡಿ. 1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ ಮಾಚು ಪಿಚುವನ್ನು "ಕಂಡುಹಿಡಿದರು" ಅನ್ನುತ್ತಾರೆ. ಅವರಿಗೆ ದಾರಿ ತೋರಿಸಿದ್ದು ಅಲ್ಲಿಯ ರೈತರು. ಆಗಲೂ ಆ ಹಳೆಯ ಮೆಟ್ಟಿಲುಗದ್ದೆಗಳಲ್ಲಿ ಕೆಲವು ಕುಟುಂಬಗಳು ಬೆಳೆ ತೆಗೆಯುತ್ತಿದ್ದವು.

ಗೈಡ್ ಹೇಳಿದ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು. ಐನಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಮ್ಮ ಮುಯ್ಯಾಳು ಪದ್ಧತಿಯೇ ಅಲ್ವಾ! ಕೂಲಿ ಲೆಕ್ಕ ಇಲ್ಲ, ಋಣದ ಲೆಕ್ಕ. ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕ ಅಂತ ಒಂದು ಹುಲ್ಲಿನ ಸೇತುವೆ ಇದೆ. ಪ್ರತಿ ಜೂನ್‌ನಲ್ಲಿ ನಾಲ್ಕು ಊರಿನವರು ಸೇರಿ ಅದನ್ನು ಹೊಸದಾಗಿ ಕಟ್ಟುತ್ತಾರೆ. ಪ್ರತಿ ಮನೆಯಿಂದಲೂ ಹೊಸೆದ ಹುಲ್ಲಿನ ಹುರಿ ಬರಬೇಕು. ಹುರಿ ಸೇರಿ ಹಗ್ಗ, ಹಗ್ಗ ಸೇರಿ ಮಿಣಿ. ಮೂರು ದಿನದಲ್ಲಿ ಸೇತುವೆ ಸಿದ್ಧ, ನಾಲ್ಕನೇ ದಿನ ಹಬ್ಬ. ಇಂಕಾಗಳ ಕಾಲದ ಕಸುಬು ಇಂದಿಗೂ ಆ ಕೈಗಳಲ್ಲಿದೆ. ನಮ್ಮ ಪಟ್ಟಿಯಲ್ಲಿ ಇದರ ಹೆಸರೂ ಇರಲಿಲ್ಲ.

ಇನ್ನು ಆರೋಗ್ಯದ ವಿಷಯ. ಇಂಕಾಗಳ ಹಳೆಯ ರಾಜಧಾನಿ ಕುಸ್ಕೋ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ಅಲ್ಲಿ ಗಾಳಿ ತೆಳು. ನಮ್ಮನ್ನು ಇಳಿದ ದಿನವೇ ಊರು ಸುತ್ತಿಸಿದರು. ಇಬ್ಬರಿಗೆ ರಾತ್ರಿಯೆಲ್ಲಾ ತಲೆಸಿಡಿತ, ವಾಂತಿ. ಮೊದಲ ಎರಡು ದಿನ ಕೆಳಗೆ ಒಲ್ಲಂತಾಯ್‌ತಾಂಬೊದಲ್ಲಿ ಉಳಿಯಿರಿ. ಆ ಊರಿನ ಓಣಿಗಳೇ ಇಂಕಾ ಕಾಲದವು, ಜನ ಈಗಲೂ ಅಲ್ಲೇ ವಾಸ ಮಾಡುತ್ತಾರೆ. ಸುಮ್ನೆ ನಡೆದರೂ ಸಾಕು.

ಮಾಚು ಪಿಚುವಿಗೆ ಬೆಟ್ಟ ಹತ್ತಿ ಹೋಗುವ ಇಂಕಾ ದಾರಿಯಲ್ಲಿ ನಡೆಯುವವರಿದ್ದರೆ ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ. ಹೊರೆ ಹೊರುವವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ರಾತ್ರಿ ಎಲ್ಲಿ ಮಲಗುತ್ತಾರೆ? ಊಟ ನಮ್ಮ ಜೊತೆಗೋ, ಉಳಿದಿದ್ದೋ? 20 ಕೆಜಿಗಿಂತ ಜಾಸ್ತಿ ಹೊರಿಸಬಾರದು ಅಂತ ನಿಯಮ ಇದೆ. ನಿಮ್ಮ ಚೀಲವನ್ನು ಮನೆಯಲ್ಲೇ ತೂಗಿಕೊಂಡು ಹೊರಡಿ. ಉತ್ತರ ಕೊಡಲು ತಡವರಿಸುವ ಕಂಪನಿ ಎಷ್ಟೇ ಅಗ್ಗವಾದರೂ ಬೇಡ.

ಮುಂದಿನ ಜೂನ್‌ಗೆ ನಾನು ಮತ್ತೆ ಹೋಗುತ್ತಿದ್ದೇನೆ, ಆ ಸೇತುವೆಗಾಗಿ. ಆರು ಜನ ಸಾಕು. ಒಂದೇ ಕಡೆ ನಾಲ್ಕು ದಿನ ಕೂರುವ ತಾಳ್ಮೆ ಇದ್ದವರು ಇನ್‌ಬಾಕ್ಸ್‌ಗೆ ಬನ್ನಿ.