ನಮ್ ಬೀದಿಯ ಸೆನ್ಸಸ್ಸು

ನಮ್ದು ಹಾಸನ ಜಿಲ್ಲೆ ಮಲೆನಾಡು ಸೀಮೆಯ ಒಂದು ಸಣ್ಣ ಪೇಟೆ. ಅದ್ರಲ್ಲಿ ನಮ್ ಬೀದಿ ಸರ್ಕಾರದ ಲೆಕ್ಕದಲ್ಲಿ ಇನ್ನೂ 2011ರಲ್ಲೇ ನಿಂತಿದೆ. 2021ಕ್ಕೆ ಆಗ್ಬೇಕಿದ್ದ ಜನಗಣತಿ ಕೊರೋನಾ ಅಂತ ನಿಲ್ತು, ಕೊರೋನಾ ಹೋಗಿ ಮಾಸ್ಕೆಲ್ಲ ಗಾಡಿ ಒರೆಸೋ ಬಟ್ಟೆ ಆದ್ವು, ಈಗ 2027 ಅಂತಿದಾರೆ. ಹಂಗಾಗಿ ತಿಥಿ ಊಟ ಮುಗಿದೋಗಿರೋ ನಮ್ ಮೂಲೆಮನೆ ತಾತ ಇವತ್ತಿಗೂ ರಾಜ್ಯದ 6.11 ಕೋಟಿ ಜನರಲ್ಲಿ ಒಬ್ರು, ದಿನಾ ನಮ್ ಕಿಟಕಿ ಗಾಜಿಗೆ ಬಾಲ್ ಹೊಡೆಯೋ ಎಂಟನೇ ಕ್ಲಾಸ್ ಹುಡ್ಗ ಇನ್ನೂ ಹುಟ್ಟೇ ಇಲ್ಲ.

ಜನ ಏನೋ ಕಮ್ಮಿ ಆದ್ರು, ಓದಿದ ಮಕ್ಕಳೆಲ್ಲ ಬೆಂಗಳೂರು ಸೇರಿದ್ರು, ಆದ್ರೆ ಮನೆಗಳು ಮಾತ್ರ ಮಳೆಗಾಲದ ಅಣಬೆ ಥರ ಏಳ್ತಾನೇ ಇವೆ. 200 ಯೂನಿಟ್ ತನಕ ಕರೆಂಟ್ ಫ್ರೀ ಅಂದಿದ್ದೇ ತಡ, ಒಂದು ಇಟ್ಟಿಗೆ ಇಡದೆ ಬರೀ ಇನ್ನೊಂದ್ ಮೀಟರ್ ಹಾಕ್ಸಿ ಒಂದ್ ಮನೆ ಎರಡಾಯ್ತು. ಯಜಮಾನಿಗೆ 2,000 ಅಂದಾಗ, ಇಪ್ಪತ್ ವರ್ಷ ಜಗಳ ಆಡಿದ್ರೂ ಬೇರೆ ಆಗ್ದೇ ಇದ್ದ ಅತ್ತೆ ಸೊಸೆ ಕಾರ್ಡಲ್ಲಿ ಬೇರೆ ಆಗೇ ಬಿಟ್ರು. ಒಲೆ ಒಂದೇ, ಜಗಳನೂ ಅದೇ.

ಇನ್ನು ಆದಾಯ. ಕಾಫಿ ರೇಟ್ ಏರಿದ ಮೇಲೆ ಬೀದೀಲಿ ಕಾರ್ ನಿಲ್ಸಕ್ಕೆ ಜಾಗ ಇಲ್ಲ, ಆದ್ರೂ ಎಲ್ಲಾರೂ ಬಡವ್ರೇ! ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದ ಒಳಗಿದ್ರೆ ಬಡವ, ಬೇರೆ ಮೀಸಲಾತಿ ಇಲ್ದಿರೋ ಬಡವರ ಇಡಬ್ಲ್ಯೂಎಸ್ ಸೀಟಿಗೆ 8 ಲಕ್ಷದ ಒಳಗಿದ್ರೂ ಬಡವ, 12 ಲಕ್ಷದ ತನಕ ಟ್ಯಾಕ್ಸೇ ಕಟ್ಬೇಡ ಹೋಗಪ್ಪ ಅಂತ ದೆಲ್ಲಿಯೋರೂ ಹೇಳಾಯ್ತು. ನಮ್ ಎದುರುಮನೆ ಅಣ್ಣ ಕಾರಲ್ಲೇ ಹೋಗಿ 40 ಸಾವಿರದ ಆದಾಯ ಪ್ರಮಾಣಪತ್ರ ಮಾಡಿಸ್ಕೊಂಡ್ ಬಂದ್ರು. ಆ ಕಾರಿನ ಇಎಂಐ ತಿಂಗಳಿಗೆ 13 ಸಾವಿರ. ಅಂದ್ರೆ ವರ್ಷದ ದುಡಿಮೆ ಮೂರು ಕಂತಿಗೆ ಮುಗೀತು, ಮಿಕ್ಕಿದ್ದು ಮಂಜುನಾಥಸ್ವಾಮಿ ಕಟ್ತಾನೆ ಅಂತ ಕಾಣ್ಸುತ್ತೆ.

ಇದ್ರ ಮಧ್ಯ 2025ರ ಸೆಪ್ಟೆಂಬರ್ 22ಕ್ಕೆ ಜಾತಿ ಸಮೀಕ್ಷೆ ಶುರುವಾಯ್ತು. 2015ರಲ್ಲೂ ಮನೆಮನೆಗೆ ಬಂದು ಬರ್ಕೊಂಡಿದ್ರಲ್ಲ, ಅದು ಹಳೇದಾಗೋ ತನಕ ಜೋಪಾನವಾಗಿ ಇಟ್ಟಿದ್ದು, ಹಳೇದಾಯ್ತು ಅಂತ ಹೊಸದು ಮಾಡಿದ್ದು. ಈ ಸಲ ಮೀಟರ್ ನಂಬರ್ ಹಿಡ್ಕೊಂಡು ಬಾಗಿಲಿಗೆ ಸ್ಟಿಕ್ಕರ್. ನಮ್ ಪಕ್ಕದಮನೆ ಅಜ್ಜಿಯ ಕೊಟ್ಟಿಗೇಲೂ ಒಂದ್ ಮೀಟರ್ ಇತ್ತು, ಅದಕ್ಕೂ ಒಂದು ಬಿತ್ತು. ಒಳಗೆ ವಾಸ ಇರೋದು ಎರಡು ಸಿಂಧಿ ಹಸು.

ಆಮೇಲೆ ಸಮೀಕ್ಷೆಗೆ ಸ್ಕೂಲ್ ಮೇಡಮ್ ಬಂದ್ರು, ದಸರಾ ರಜೆ ಕಳ್ಕೊಂಡ ಮುಖ, ಕೈಯಲ್ಲಿ 60 ಪ್ರಶ್ನೆ. ನೆಟ್‌ವರ್ಕ್ ಸಿಗದೆ ಕಾಂಪೌಂಡ್ ಮೇಲೆ ಹತ್ತಿ ಫೋನ್ ಎತ್ತಿ ಹಿಡ್ಕೊಂಡೇ ಕೇಳಿದ್ರು, "ಅಜ್ಜೀ, ಮನೇಲಿ ಎಷ್ಟ್ ಜನ?"

"ಯಾವ್ ಕಾರ್ಡಿಗವ್ವಾ?"

ನ್ಯಾಯವಾದ ಪ್ರಶ್ನೆ. ರೇಷನ್ ಕಾರ್ಡಲ್ಲಿ ಏಳು ಜನ, ಓಟಿನ ಲಿಸ್ಟಲ್ಲಿ ಒಂಬತ್ತು, ರಾತ್ರಿ ಚಿಲಕ ಹಾಕೋಳು ಅಜ್ಜಿ ಒಬ್ಳೇ. ಇನ್ನು ಅಜ್ಜಿ ಮನೆ ಮೇಲ್ಗಡೆ ರೂಮಲ್ಲಿ ತೋಟದ ಕೆಲ್ಸಕ್ಕೆ, ಗಾರೆ ಕೆಲ್ಸಕ್ಕೆ ಬಂದಿರೋ ಆರು ಹುಡುಗ್ರು ಇದಾರೆ, ಸಂಜೆ ಆದ್ರೆ ಸಾಸಿವೆ ಎಣ್ಣೇಲಿ ಮೀನು ಹುರಿಯೋ ಘಾಟು ಇಡೀ ಬೀದಿಗೆ, ಅವ್ರ ಹೆಸ್ರು ಇಲ್ಲಿ ಯಾವ ಕಾರ್ಡಲ್ಲೂ ಇಲ್ಲ. ನಮಗೆಲ್ಲ ಆರಿಸ್ಕೊಳ್ಳಿ ಅಂತ 1,500ಕ್ಕೂ ಜಾಸ್ತಿ ಜಾತಿ ಪಟ್ಟಿ ಇದೆ, ಒಳಪಂಗಡ ತಪ್ಪಿದ್ರೆ ಸಂಘದೋರು ವಾಟ್ಸಾಪಲ್ಲಿ ಬೆಂಕಿ ಕಾರ್ತಾರೆ. ಆ ಆರು ಜನಕ್ಕೆ ನಮ್ ಬೀದಿ ಕೊಟ್ಟಿರೋ ಜಾತಿ ಒಂದೇ, 'ಹಿಂದಿಯೋರು'. ನಾಲ್ವರು ಅಸ್ಸಾಮು, ಒಬ್ಬ ಒಡಿಶಾ, ಒಬ್ಬ ಬಂಗಾಳ, ಒಬ್ಬಂದೂ ಮನೆಮಾತು ಹಿಂದಿ ಅಲ್ಲ.

ದೀಪಾವಳಿಗೆ ಅಜ್ಜಿ ಅವ್ರಲ್ಲೇ ಒಬ್ಬನ್ ಕರೆದು ಬಾಗಿಲಿಗೆ ಪೇಂಟ್ ಹೊಡೆಸಿದ್ಲು. ಸ್ಟಿಕ್ಕರ್ ಹತ್ರ ಬ್ರಷ್ ಹೋಗಿದ್ದೇ ಓಡಿ ಬಂದು ಕೈ ಹಿಡ್ಕೊಂಡ್ಳು, "ಅದೊಂದ್ ಬಿಡು ಮಗಾ, ಅದು ಹೋದ್ರೆ ಅಕ್ಕಿ ನಿಂತೋಗ್ತದೆ." ಅವ್ನಿಗೆ ಏನ್ ಅರ್ಥ ಆಯ್ತೋ, ಸುತ್ತ ನೀಟಾಗಿ ಬಳಿದು ಕೊಟ್ಟಿಗೆ ಸ್ಟಿಕ್ಕರನ್ನೂ ಉಳಿಸಿ ಕೊಟ್ಟ.