ಯುರೋಪಿನಲ್ಲಿ ಗೆದ್ದ ಆ ‘ನಮ್ಮೋರು’ ಯಾರು ಮಾರಾಯ?

2024ರ ಜೂನ್ 9ರಂದು ದೆಹಲಿಯಲ್ಲಿ ಹೊಸ ಸರ್ಕಾರದ ಪ್ರಮಾಣವಚನ ಇತ್ತು. ಅದೇ ದಿನ ರಾತ್ರಿ ನಾನಿರುವ ಜರ್ಮನಿಯಲ್ಲಿ ಐರೋಪ್ಯ ಸಂಸತ್ತಿನ ಚುನಾವಣೆಯ ಫಲಿತಾಂಶ ಬರತೊಡಗಿತು. ಬೆಳಗಾಗುವಷ್ಟರಲ್ಲಿ ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಬರೆದಿದ್ದ: "ಏನ್ ಮಾರಾಯ, ನಿಮ್ಮ ಕಡೆನೂ ನಮ್ಮೋರೇ ಗೆದ್ರಂತಲ್ಲ!" ಕೆಳಗೆ ಇನ್ನೊಬ್ಬ, ಮೊದಲಿನಿಂದಲೂ ಇವನ ಮಾತಿಗೆ ಎದುರಾಡುವವನು: "ಯುರೋಪಿನ ಕಥೆ ಮುಗೀತು ಬಿಡು." ಒಬ್ಬನಿಗೆ ಹಬ್ಬ, ಇನ್ನೊಬ್ಬನಿಗೆ ಸೂತಕ. ಆದರೆ ಜರ್ಮನಿಯಲ್ಲೋ ಪೋಲೆಂಡಿನಲ್ಲೋ ಬಲಪಂಥ ಅಂದರೆ ನಮ್ಮಲ್ಲಿನ ಬಲಪಂಥದ ಬಿಳಿ ಚರ್ಮದ ಪ್ರತಿ ಅಂತ ಇಬ್ಬರೂ ನಂಬಿದ್ದರು. ಈಗಲೂ ಯುರೋಪಿನ ಯಾವ ಮೂಲೆಯಲ್ಲಿ ಚುನಾವಣೆ ಆದರೂ ಅದೇ ಪ್ರಶ್ನೆ ಬರುತ್ತದೆ. ಅವರಿಬ್ಬರಿಗೂ ಸೇರಿಸಿ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಲೆಕ್ಕ. ಸಂಸತ್ತಿನಲ್ಲಿ ಒಟ್ಟು 720 ಸ್ಥಾನ. ಬೇರೆ ಬೇರೆ ದೇಶದ ಪಕ್ಷಗಳು ಸೇರಿ ಗುಂಪು ಕಟ್ಟಿಕೊಂಡು ಅಲ್ಲಿ ಕೂರುತ್ತವೆ. ಎಲ್ಲಕ್ಕಿಂತ ದೊಡ್ಡ ಗುಂಪು, ಇಪಿಪಿ ಅಂತ ಕರೆಯುವ ಯುರೋಪಿಯನ್ ಪೀಪಲ್ಸ್ ಪಾರ್ಟಿ, 188 ಮಂದಿಯೊಂದಿಗೆ ಶುರುಮಾಡಿತು. ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೆಯನ್ ಇದೇ ಗುಂಪಿನವರು. ಇಪಿಪಿಯ ಬಲಕ್ಕೆ ಮೂರು ಗುಂಪು: ಪೇಟ್ರಿಯಟ್ಸ್ 84, ಇಸಿಆರ್ ಎನ್ನುವ ಕನ್ಸರ್ವೇಟಿವ್‌ಗಳು 78, ಜರ್ಮನಿಯ ಎಎಫ್‌ಡಿ ಕಟ್ಟಿಕೊಂಡ ಇಎಸ್‌ಎನ್ 25. ಕೂಡಿಸಿದರೆ 187. ಮೂವರೂ ಒಂದಾಗಿದ್ದರೆ ಇಪಿಪಿಗಿಂತ ಒಂದೇ ಒಂದು ಸ್ಥಾನ ಕಡಿಮೆ. ಯಾಕೆ ಒಂದಾಗಲಿಲ್ಲ? ಪೋಲೆಂಡಿನ ಪಿಐಎಸ್ ಪಕ್ಷ, ಇಟಲಿಯ ನಾಯಕಿ ಮೆಲೋನಿ ಇಬ್ಬರೂ ಇಸಿಆರ್; ಇಬ್ಬರೂ ರಷ್ಯಾದ ವಿರುದ್ಧ ಉಕ್ರೇನಿನ ಪರ ನಿಂತವರು. ಪೇಟ್ರಿಯಟ್ಸ್ ಕಟ್ಟಿದ, ಹಂಗರಿಯ ಆಗಿನ ಪ್ರಧಾನಿ ಓರ್ಬಾನ್ ಉಕ್ರೇನಿಗೆ ಹೋಗಬೇಕಿದ್ದ 50 ಬಿಲಿಯನ್ ಯೂರೋ ನೆರವಿಗೆ ಅಡ್ಡ ಹಾಕಿದವರು. ಎಎಫ್‌ಡಿಯನ್ನಂತೂ ಮತದಾನಕ್ಕೆ ಕೆಲವೇ ದಿನ ಇರುವಾಗ ಫ್ರಾನ್ಸಿನ ಬಲಪಂಥದ ನಾಯಕಿ ಲೆ ಪೆನ್ ಕಡೆಯವರೇ ಆಗಿನ ಗುಂಪಿನಿಂದ ಹೊರಗೆ ಹಾಕಿಸಿದರು. ಹಿಟ್ಲರನ ಎಸ್‌ಎಸ್ ಪಡೆಯ ಸಮವಸ್ತ್ರ ಹಾಕಿದವರೆಲ್ಲ ಅಷ್ಟಕ್ಕೇ ಅಪರಾಧಿಗಳು ಅಂತ ನಾನು ಹೇಳಲಾರೆ ಎಂದು ಎಎಫ್‌ಡಿ ಪಟ್ಟಿಯ ಮೊದಲನೇ ಅಭ್ಯರ್ಥಿ ಇಟಲಿಯ ಪತ್ರಿಕೆಯೊಂದಕ್ಕೆ ಹೇಳಿದ್ದ. ಈಗ ಹೇಳು ಮಾರಾಯ, ಈ ಮೂವರಲ್ಲಿ ನಿನ್ನವರು ಯಾರು?

ಪೋಲೆಂಡನ್ನೇ ಇನ್ನಷ್ಟು ಹತ್ತಿರದಿಂದ ನೋಡಿ. ಪಿಐಎಸ್ ಚರ್ಚು, ಕುಟುಂಬ, ರಾಷ್ಟ್ರ ಅಂತ ಮಾತಾಡುವ, ಗರ್ಭಪಾತಕ್ಕೆ ಕಡು ವಿರೋಧಿಯಾದ ಪಕ್ಷ. ಅಚ್ಚ ಬಲ. ಅದು 2015ರ ಕೊನೆಗೆ ಅಧಿಕಾರಕ್ಕೆ ಬಂದದ್ದೇ, 2016ರಲ್ಲಿ ಮಕ್ಕಳ ತಲೆಗೆ (ಆಗ ಹೆಚ್ಚಾಗಿ ಎರಡನೇ ಮಗುವಿನಿಂದ) ತಿಂಗಳಿಗೆ 500 ಜ್ಲೋಟಿ ಕೊಡಲು ಶುರುಮಾಡಿತು. ನಿವೃತ್ತಿಯ ವಯಸ್ಸನ್ನು 67ಕ್ಕೆ ಏರಿಸುವ ಕಾನೂನನ್ನು 2012ರಲ್ಲಿ ತಂದದ್ದು ಆಗಿನ ಪ್ರಧಾನಿ ಡೊನಾಲ್ಡ್ ಟುಸ್ಕ್, ಅಂದರೆ ನಮ್ಮ ಪತ್ರಿಕೆಗಳು 'ಉದಾರವಾದಿ' ಅಂತ ಹೊಗಳುವ ನಾಯಕ. ಅದನ್ನು 2017ರಲ್ಲಿ ಗಂಡಸರಿಗೆ 65, ಹೆಂಗಸರಿಗೆ 60 ಅಂತ ಕೆಳಕ್ಕೆ ತಂದದ್ದು ಪಿಐಎಸ್. ನಮ್ಮ ಕಾರ್ಮಿಕ ಸಂಘದವರನ್ನು ಕೇಳಿದರೆ ಇದರಲ್ಲಿ ಯಾವುದನ್ನು ಎಡ ಅಂದಾರು?

ಡೆನ್ಮಾರ್ಕ್ ಇನ್ನೂ ಮಜ. ಅಲ್ಲಿ 1870ರಲ್ಲಿ ಹುಟ್ಟಿದ ವೆನ್‌ಸ್ಟ್ರ ಎಂಬ ಪಕ್ಷವಿದೆ. ಹೆಸರಿನ ಅರ್ಥವೇ 'ಎಡ'. ಆಗ ಜಮೀನ್ದಾರರದು, ರಾಜನ ಕಡೆಯವರದು 'ಬಲ' ಪಕ್ಷ. ಅವರಿಗೆದುರಾಗಿ ರೈತರು ಕಟ್ಟಿದ್ದು ಇದು. ಆಮೇಲೆ ಕಾರ್ಖಾನೆಗಳು ಬಂದವು, ಕೂಲಿಕಾರರ ಪಕ್ಷ ಬಂತು, ಅದು ಇವರಿಗಿಂತಲೂ ಎಡಕ್ಕೆ ಹೋಗಿ ಕೂತಿತು. ಸ್ವಂತ ಜಮೀನಿನ ರೈತರಿಗೆ ತೆರಿಗೆ ಕಡಿಮೆ ಬೇಕಿತ್ತು, ವ್ಯಾಪಾರಕ್ಕೆ ತಡೆ ಇರಬಾರದಿತ್ತು. ಹೀಗಾಗಿ 'ಎಡ' ಪಕ್ಷ ಕೂತಲ್ಲೇ ಬಲಪಕ್ಷವಾಯಿತು. ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಅತ್ತ ಕೂಲಿಕಾರರ ಆ ಪಕ್ಷ, ಸೋಶಿಯಲ್ ಡೆಮಾಕ್ರಟ್ಸ್, ಮೆಟ್ಟೆ ಫ್ರೆಡರಿಕ್ಸನ್ ನಾಯಕತ್ವದಲ್ಲಿ ಆಶ್ರಯ ಕೇಳಿ ಬರುವವರ ಸಂಖ್ಯೆ ಸೊನ್ನೆ ಆಗಬೇಕು ಅಂತ ಗುರಿ ಇಟ್ಟುಕೊಂಡಿತು. ಬೇರೆ ದೇಶದ ಬಲಪಂಥೀಯರು ಉದಾಹರಣೆ ಕೊಡುವಷ್ಟು ಬಿಗಿ ವಲಸೆ ನೀತಿ ಡೆನ್ಮಾರ್ಕಿನದು, ಅದನ್ನು ನಡೆಸಿದ್ದು ಎಡಪಕ್ಷ. 2022ರ ಕೊನೆಯಲ್ಲಿ ಈ ಸೋಶಿಯಲ್ ಡೆಮಾಕ್ರಟ್ಸ್, ಆ ವೆನ್‌ಸ್ಟ್ರ, ಜೊತೆಗೆ ನಡುಪಂಥದ ಮಾಡರೇಟ್ಸ್ ಪಕ್ಷ ಸೇರಿ ಒಂದೇ ಸರ್ಕಾರ ಮಾಡಿದರು.

ಪೋರ್ಚುಗಲ್ಲಿನ ಸೋಶಿಯಲ್ ಡೆಮಾಕ್ರಟಿಕ್ ಪಾರ್ಟಿ ಬಲಕ್ಕಿದೆ, ಇಪಿಪಿಯಲ್ಲಿ ಕೂರುತ್ತದೆ. ಸರ್ವಾಧಿಕಾರವನ್ನು ಉರುಳಿಸಿದ 1974ರ ಕ್ರಾಂತಿಯ ಬಿಸಿಯಲ್ಲಿ ಬಲ ಅಂತ ಹೇಳಿಕೊಳ್ಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ; ಆ ಬಿಸಿ ಆರುವ ಮೊದಲೇ, 1976ರಲ್ಲಿ, ಇಟ್ಟುಕೊಂಡ ಈ ಹೆಸರು ಇವತ್ತಿಗೂ ಉಳಿದಿದೆ. ಐರ್ಲೆಂಡಿನ ಎರಡು ದೊಡ್ಡ ಪಕ್ಷಗಳು ಒಡೆದದ್ದು ಎಡ-ಬಲ ಅಂತಲೇ ಅಲ್ಲ. ಬ್ರಿಟನ್ನಿನ ಜೊತೆಗಿನ 1921ರ ಒಪ್ಪಂದ ಒಪ್ಪಬೇಕೋ ಬೇಡವೋ ಅಂತ ಅಂತರ್ಯುದ್ಧವೇ ಆಗಿ, ಒಂದು ಕಡೆಯವರು ಫಿನಾ ಗೇಲ್ ಆದರು, ಇನ್ನೊಂದು ಕಡೆಯವರು ಫಿಯನ ಫಾಯಲ್. 2020ರಿಂದ ಡಬ್ಲಿನ್ನಿನಲ್ಲಿ ಇಬ್ಬರೂ ಒಂದೇ ಸರ್ಕಾರದಲ್ಲಿದ್ದಾರೆ; ಐರೋಪ್ಯ ಸಂಸತ್ತಿನಲ್ಲಿ ಮಾತ್ರ ಬೇರೆ ಬೇರೆ ಗುಂಪು. ಜರ್ಮನಿಯ ಲಿಬರಲ್‌ಗಳು, ಅಂದರೆ ಎಫ್‌ಡಿಪಿ, ತೆರಿಗೆ ಇಳಿಸಿ, ಹೆದ್ದಾರಿಗೆ ವೇಗಮಿತಿ ಹಾಕಬೇಡಿ ಅನ್ನುವವರು. ನಮ್ಮ ಫೇಸ್‌ಬುಕ್‌ನಲ್ಲಿ 'ಲಿಬರಲ್' ಅಂತ ಯಾರನ್ನು ಬೈಯುತ್ತಾರೋ ಅವರು ಈ ಪಕ್ಷದ ಸಭೆಗೆ ಹೋದರೆ ಹತ್ತು ನಿಮಿಷಕ್ಕೆ ಎದ್ದು ಬರುತ್ತಾರೆ.

(ಇಷ್ಟೆಲ್ಲ ನೋಡಿ ನಗುವ ಮೊದಲು, ಆವರಣದೊಳಗೆ 'ಜಾತ್ಯತೀತ' ಅಂತ ಬರೆದುಕೊಂಡ ನಮ್ಮ ದಳ 2023ರಿಂದ ಯಾರ ಜೊತೆಗಿದೆ, ಯಾಕಿದೆ ಅಂತ ಒಬ್ಬ ಜರ್ಮನ್‌ಗೆ ವಿವರಿಸಿ ನೋಡಿ. ದೇವೇಗೌಡರಿಂದ ಶುರುಮಾಡಬೇಕು, ಹಳೇ ಮೈಸೂರಿನ ಜಾತಿ ಲೆಕ್ಕಕ್ಕೆ ಬರಬೇಕು, ಅಷ್ಟರಲ್ಲಿ ಅವನ ಕಾಫಿ ಆರಿರುತ್ತದೆ.)

ಇನ್ನು ಮತ ಹಾಕುವ ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದಷ್ಟು ಕಾಲ ಜರ್ಮನಿಯಲ್ಲಿ ನನಗೆ ಊರ ನಗರಸಭೆಗೂ ಮತ ಇರಲಿಲ್ಲ. ತಮಾಷೆ ಅಂದರೆ, 2019ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿದ್ದ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಐರೋಪ್ಯ ಸಂಸತ್ತಿಗೆ ಮತ ಹಾಕಬಹುದಿತ್ತು. ಕಾಮನ್‌ವೆಲ್ತ್ ದೇಶದವರು ಅಂತ ಬ್ರಿಟನ್ ಕೊಟ್ಟಿದ್ದ ಹಕ್ಕು ಅದು. ಐರೋಪ್ಯ ಒಕ್ಕೂಟ ಬಿಟ್ಟು ಹೊರಟಿದ್ದ ದೇಶದಲ್ಲಿ ಒಕ್ಕೂಟದ ಪ್ರಜೆಗಳೇ ಅಲ್ಲದವರ ಮತ! ನಾನು ಪೌರತ್ವ ಬದಲಿಸಿದ ಮೇಲೆ, 2024ರಲ್ಲಿ, ನನ್ನ ಸರದಿ ಬಂತು. ಆ ವರ್ಷ ಜರ್ಮನಿ ಮತದ ವಯಸ್ಸನ್ನು ಮೊದಲ ಸಲ 16ಕ್ಕೆ ಇಳಿಸಿತ್ತು, ಸಾಲಿನಲ್ಲಿ ಮೀಸೆ ಚಿಗುರದ ಹುಡುಗರೂ ಇದ್ದರು. ಕೈಗೆ ಕೊಟ್ಟ ಮತಪತ್ರದಲ್ಲಿ ಮೂವತ್ತಕ್ಕೂ ಹೆಚ್ಚು ಪಕ್ಷ. ವ್ಯಕ್ತಿಗೆ ಮತ ಇಲ್ಲ, ಪಟ್ಟಿಗೆ ಒಂದೇ ಒಂದು ಗುರುತು. ಪ್ರತಿ ಪಟ್ಟಿಯ ಮೊದಲ ಹತ್ತು ಹೆಸರು ಅಚ್ಚಾಗಿರುತ್ತವೆ. ಜರ್ಮನಿಯಿಂದ ಈ ಚುನಾವಣೆಗೆ, ಇಂತಿಷ್ಟು ಶೇಕಡಾ ಮತ ಬಂದರೆ ಮಾತ್ರ ಸ್ಥಾನ ಎನ್ನುವ ಕನಿಷ್ಠ ಮತಮಿತಿಯೂ ಇಲ್ಲ, ಅದಕ್ಕೇ ರಾಜಕೀಯವನ್ನು ಗೇಲಿ ಮಾಡಲೆಂದೇ ಕಟ್ಟಿದ 'ದಿ ಪಾರ್ಟೈ' ಎಂಬ ಪಕ್ಷಕ್ಕೂ ಎರಡು ಸ್ಥಾನ ಸಿಕ್ಕಿತು.

ನಾನು ಯಾರಿಗೆ ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ಹೇಗೆ ಆರಿಸಿದೆ ಅಂತ ಹೇಳಬಲ್ಲೆ. ಇಲ್ಲಿ ಸರ್ಕಾರಿ ಸಂಸ್ಥೆಯೊಂದು ನಡೆಸುವ ವಾಲ್-ಓ-ಮಾಟ್ ಎಂಬ ಜಾಲತಾಣವಿದೆ. ಅದು 38 ಹೇಳಿಕೆ ಮುಂದಿಡುತ್ತದೆ, ಒಪ್ಪಿಗೆಯೋ ಇಲ್ಲವೋ ಅಂತ ನೀವು ಒತ್ತುತ್ತೀರಿ, ಅದೇ ಹೇಳಿಕೆಗಳಿಗೆ ಪಕ್ಷಗಳೇ ಕೊಟ್ಟ ಉತ್ತರದ ಜೊತೆ ಹೋಲಿಸಿ ಯಾರು ಎಷ್ಟು ಹತ್ತಿರ ಅಂತ ತೋರಿಸುತ್ತದೆ. ಎಡ ಬಲ ಅನ್ನುವ ಪದ ಎಲ್ಲೂ ಬೇಕಾಗುವುದಿಲ್ಲ. ನನ್ನನ್ನು ಎಡ ಅಂದುಕೊಂಡಿರುವ ಗೆಳೆಯನೂ ಬಲ ಅಂದುಕೊಂಡಿರುವ ಭಾವನೂ ನನ್ನ ಫಲಿತಾಂಶ ನೋಡಿದ್ದರೆ ಇಬ್ಬರೂ ಬೇಜಾರಾಗುತ್ತಿದ್ದರು.

ಆದರೆ ವಾಲ್-ಓ-ಮಾಟ್ ಹೇಳದ ಒಂದು ವಿಷಯವಿದೆ, ನನ್ನ ನಿಜವಾದ ತಕರಾರು ಅದು. ಮತ ಬೀಳುವುದು ಊರಿನ ಪಕ್ಷಕ್ಕೆ, ಸಂಸತ್ತು ಕೂರುವ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ನಡೆಯುವುದು ಗುಂಪಿನಿಂದ. ಗುಂಪಾಗಲು ಕನಿಷ್ಠ 23 ಸದಸ್ಯರು, ಏಳು ದೇಶಗಳವರು ಬೇಕು. ಗುಂಪಿಗೆ ದುಡ್ಡು, ಮಾತಾಡಲು ಸಮಯ, ಸಮಿತಿಗಳಲ್ಲಿ ಪಾಲು ಎಲ್ಲ ಸಿಗುತ್ತದೆ. ಒಂಟಿಯಾಗಿ ಕೂತವನಿಗೆ ಹೆಚ್ಚೇನೂ ಇಲ್ಲ. ಆದ್ದರಿಂದ ಫಲಿತಾಂಶ ಬಂದ ಮೇಲೆ ಜೂನ್-ಜುಲೈನಲ್ಲಿ ಶುದ್ಧ ಸಂತೆ ನಡೆಯುತ್ತದೆ. ಜೆಕ್ ದೇಶದ ಆಂದ್ರೇ ಬಾಬಿಶ್ ಅವರ ಎಎನ್‌ಒ ಪಕ್ಷ ಚುನಾವಣೆಯ ಹೊತ್ತಿಗೆ ಲಿಬರಲ್‌ಗಳ ರಿನ್ಯೂ ಗುಂಪಿನದು. ಮತ ಎಣಿಸಿ ಎರಡು ವಾರ ಕಳೆಯುವಷ್ಟರಲ್ಲಿ ಅಲ್ಲಿಂದ ಎದ್ದಿತು, ಜೂನ್ 30ರಂದು ಓರ್ಬಾನ್ ಜೊತೆ ನಿಂತು ಪೇಟ್ರಿಯಟ್ಸ್ ಘೋಷಿಸಿತು. ಓರ್ಬಾನ್ ಕೂಡ ಹೊಸಬರಲ್ಲ ಇದಕ್ಕೆ. 1988ರಲ್ಲಿ ಹುಟ್ಟಿದ ಅವರ ಫಿಡೆಸ್ 2000ದವರೆಗೆ ಲಿಬರಲ್ ಪಕ್ಷಗಳ ಜಾಗತಿಕ ಕೂಟವಾದ ಲಿಬರಲ್ ಇಂಟರ್‌ನ್ಯಾಷನಲ್‌ನಲ್ಲಿತ್ತು, ಆಮೇಲೆ ಇಪಿಪಿಗೆ ಬಂತು, 2021ರ ಮಾರ್ಚಿನಲ್ಲಿ ಅಲ್ಲಿಂದಲೂ ಹೊರಬಂತು. ಹೆಸರು ಅದೇ, ನಾಯಕನೂ ಅವನೇ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಮತಪತ್ರದಲ್ಲಿ ಪಕ್ಷದ ಹೆಸರಿನ ಪಕ್ಕ ಅದು ಯಾವ ಐರೋಪ್ಯ ಕೂಟಕ್ಕೆ ಸೇರಿದ್ದು ಅಂತ ಅಚ್ಚು ಹಾಕಿ. ಆ ಹೆಸರನ್ನೋ ಚಿಹ್ನೆಯನ್ನೋ ಹಾಕಬಹುದು ಅನ್ನುವ ತಿದ್ದುಪಡಿಗೆ ಒಕ್ಕೂಟದ ಸರ್ಕಾರಗಳು 2018ರಲ್ಲೇ ಒಪ್ಪಿದ್ದವು. ಎಲ್ಲ ದೇಶಗಳ ಅನುಮೋದನೆ ಸಿಗದೆ 2024ಕ್ಕೂ ಅದು ಜಾರಿಗೆ ಬರಲಿಲ್ಲ. ಅದರಲ್ಲೂ 'ಹಾಕಬಹುದು' ಅಂತಿದೆಯೇ ಹೊರತು 'ಹಾಕಲೇಬೇಕು' ಅಂತಿಲ್ಲ. ಬಾಬಿಶ್‌ನಂಥವರು ಅಚ್ಚು ಹಾಕಿದ ಮೇಲೂ ಜಿಗಿಯುವುದಿಲ್ಲವೇ ಅಂತ ಕೇಳಬಹುದು. ಜಿಗಿಯಲಿ. ಮತದಾರನ ಕೈಗೆ ಆಗ ಕನಿಷ್ಠ ಒಂದು ಲಿಖಿತ ಮಾತು ಸಿಕ್ಕಿರುತ್ತದೆ, ಮುಂದಿನ ಸಲ ತೋರಿಸಿ ಕೇಳಲು. ಮುಂದಿನ ಚುನಾವಣೆ 2029ರಲ್ಲಿ. ಅಷ್ಟರೊಳಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ 'ನಮ್ಮೋರು' ಅಂತ ಬರೆಯುವವರು ದಯವಿಟ್ಟು ದೇಶದ ಹೆಸರು, ಗುಂಪಿನ ಹೆಸರು, ಉಕ್ರೇನ್ ಬಗ್ಗೆ ಅವರ ನಿಲುವು ಮೂರನ್ನೂ ಜೊತೆಗೆ ಬರೆಯಿರಿ. ಆಮೇಲೆ ಅಭಿನಂದನೆ ಹೇಳಬೇಕೋ ಸಂತಾಪ ಹೇಳಬೇಕೋ ನಾನು ನೋಡಿಕೊಳ್ಳುತ್ತೇನೆ.